ಡಬ್ಬಿಯಲ್ಲಿ ಏನಿದೆ?

ಮಧ್ಯಾಹ್ನ ಎರಡೂಕಾಲು ಗಂಟೆಗೆ ಮೊದಲ ಅಂಗೈ ಗಾಜಿನ ಮೇಲೆ ಬಿತ್ತು. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು, ಅದಕ್ಕೇ ಹೊತ್ತು ನೆನಪಿದೆ. ಸ್ವಲ್ಪ ಹೊತ್ತಿಗೆಲ್ಲ ಹೊರಗಿನ ಬೆಳಕೇ ಕಾಣದಷ್ಟು ಅಂಗೈಗಳು.

ಅದು ಅಮೆರಿಕದ ಒಂದು ನಗರ. 2020ರ ನವೆಂಬರ್, ಅಧ್ಯಕ್ಷರ ಚುನಾವಣೆಯ ಮಾರನೆಯ ದಿನ. ನನ್ನ ಅಕ್ಕ ವಸುಧಾ ಆ ಕಟ್ಟಡದೊಳಗೆ ಮತ ಎಣಿಸುತ್ತಿದ್ದಳು. ಅವಳು ಆ ದೇಶದ ಪ್ರಜೆ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಚುನಾವಣೆ ಬಂದಾಗ ತಾನಾಗಿ ಹೆಸರು ಕೊಟ್ಟು ಎಣಿಕೆಗೆ ಹೋಗುತ್ತಾಳೆ. ನಾನು ಅವಳ ಮನೆಯಲ್ಲಿದ್ದುಕೊಂಡು ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಅಕ್ಕ ಊಟ ಮರೆತು ಹೋಗಿದ್ದಳು. ಚಿತ್ರಾನ್ನ ತುಂಬಿದ ಸ್ಟೀಲಿನ ಎರಡು ಅಂತಸ್ತಿನ ಡಬ್ಬಿ ಹಿಡಿದು ನಾನು ಕೇಂದ್ರದ ಗಾಜಿನ ಹಜಾರದಲ್ಲಿ ಕಾಯುತ್ತಿದ್ದೆ. ಅಷ್ಟರಲ್ಲಿ ಜನ ಬಂದರು. ಎಣಿಕೆ ನಿಲ್ಲಿಸಿ ಎಂದು ಕೂಗುತ್ತ ಬಂದರು. ಕಾವಲಿನವನು ನನ್ನ ಭುಜ ಹಿಡಿದು ಒಳಗಿನ ಕಾರಿಡಾರಿಗೆ ತಳ್ಳಿ ಬಾಗಿಲು ಹಾಕಿದ.

ಅಲ್ಲಿಂದ ನನಗೆ ಎರಡೂ ಕಡೆ ಕಾಣುತ್ತಿತ್ತು. ಒಂದು ಕಡೆ ಗಾಜಿಗೆ ಒತ್ತಿದ ಮುಖಗಳು, ಇನ್ನೊಂದು ಕಡೆ ಅಕ್ಕನ ಮೇಜು. ಅಕ್ಕ ತಲೆಯೆತ್ತಲಿಲ್ಲ. ಅವಳ ಮಾಸ್ಕ್ ಸಣ್ಣಗೆ ಅಲುಗಾಡುತ್ತಿತ್ತು. ಎಣಿಸುವಾಗ ಅವಳು ಇವತ್ತಿಗೂ ಕನ್ನಡದಲ್ಲೇ ಎಣಿಸುತ್ತಾಳೆ. ಹೊರಗಿನವರು ಎಣಿಸುವವರ ಮುಖದ ಫೋಟೋ ತೆಗೆಯತೊಡಗಿದಾಗ ಒಳಗಿನವರು ಗಾಜಿಗೆ ರಟ್ಟು ಅಂಟಿಸಿದರು. ಪಾಪ, ಬೇರೆ ದಾರಿ ಇರಲಿಲ್ಲ. ಆದರೆ ರಟ್ಟು ಮೇಲೇರಿದಷ್ಟೂ ಸದ್ದು ಹೆಚ್ಚಾಯಿತು. ರಟ್ಟು ಮುಚ್ಚದ ಒಂದು ಸಂದಿನಲ್ಲಿ ಒಬ್ಬ ಬಗ್ಗಿ ನನ್ನನ್ನೇ ನೋಡಿದ. ಮಾಸ್ಕ್ ಗದ್ದಕ್ಕೆ ಇಳಿದಿತ್ತು. ಡಬ್ಬಿಯತ್ತ ಬೆರಳು ತೋರಿಸಿ ಕೂಗಿದ: "ವಾಟ್ಸ್ ಇನ್ ದ ಬಾಕ್ಸ್?" ಆಮೇಲೆ ಫೋನ್ ಎತ್ತಿ ಫೋಟೋ ತೆಗೆದ.

ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ನನಗೆ ಅದನ್ನೇ ಹೇಳುತ್ತಾರೆ. ನಿಜ. ಆದರೆ ಮರುದಿನ ಆ ಫೋಟೋ ಊರೆಲ್ಲ ಸುತ್ತಿತು. ಯಾರೋ ಹೆಂಗಸು ಲೋಹದ ಡಬ್ಬಿಯಲ್ಲಿ ಕಳ್ಳ ಮತ ಸಾಗಿಸಿದಳಂತೆ. ಅಮ್ಮ ದಾವಣಗೆರೆಯ ಪಾತ್ರೆ ಅಂಗಡಿಯಲ್ಲಿ ಕೊಡಿಸಿದ ಡಬ್ಬಿ ಅದು. ಆ ವಾರವೇ ಅಕ್ಕನ ಮನೆಗೆ ಹೆಸರು ಹೇಳದವರ ಫೋನು ಶುರುವಾಯಿತು. ಕಂಪನಿಯವರು ಐರ್ಲೆಂಡಿನ ಕಾರ್ಖಾನೆಗೆ ಹೋಗುತ್ತೀಯಾ ಎಂದು ಕೇಳಿ ತಿಂಗಳಾಗಿತ್ತು, ನಾನು ಹಿಂದೆಮುಂದೆ ನೋಡುತ್ತಿದ್ದೆ. ಹೂಂ ಎಂದುಬಿಟ್ಟೆ. ಡಿಸೆಂಬರಿನಲ್ಲಿ, ಮುಕ್ಕಾಲು ಸೀಟು ಖಾಲಿಯಿದ್ದ ವಿಮಾನದಲ್ಲಿ ಇಲ್ಲಿಗೆ ಬಂದಿಳಿದೆ.

ಇಲ್ಲಿ ಎಂದರೆ ದಕ್ಷಿಣದ ಕಾರ್ಕ್ ಕೊಲ್ಲಿ. ಕೆಲಸ ರಿಂಗಾಸ್ಕಿಡಿಯಲ್ಲಿ. ಒಂದು ಕಡೆ ಔಷಧ ಕಾರ್ಖಾನೆಗಳ ಹೊಗೆಗೊಳವೆ, ಇನ್ನೊಂದು ಕಡೆ ಫ್ರಾನ್ಸಿಗೆ ಹೋಗುವ ಹಡಗು. ಮನೆಯನ್ನು ವಿಡಿಯೋದಲ್ಲಿ ನೋಡಿಯೇ ಬಾಡಿಗೆಗೆ ಹಿಡಿದಿದ್ದೆ. ಒಂದೇ ಅಚ್ಚಿನ ಮನೆಗಳ ಸಾಲು, ನಡುವೆ ಹುಲ್ಲು ಬಯಲು. ಇಂಥ ಬಡಾವಣೆಗೆ ಇಲ್ಲಿ ಎಸ್ಟೇಟ್ ಎನ್ನುತ್ತಾರೆ. ಕಾಫಿ ತೋಟ ಇರಬಹುದೇ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಳು. ಬಿಸಿನೀರಿಗೆ ಒಂದು ಸ್ವಿಚ್ಚು, ಅದರ ಹೆಸರು ಇಮ್ಮರ್ಷನ್. ಅದನ್ನು ಆರಿಸದೆ ಮನೆಯಿಂದ ಹೊರಟರೆ ಇಲ್ಲಿಯವರ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ.

ಜನವರಿಯಲ್ಲಿ ಕೋವಿಡ್ ಏರಿತು. ಮನೆಯಿಂದ ಐದು ಕಿಲೋಮೀಟರಿನ ಗೆರೆ ಎಳೆದರು. ನಮ್ಮ ದಿನಸಿ ಸಿಗುವ ಅಂಗಡಿ ಕಾರ್ಕ್ ಪೇಟೆಯಲ್ಲಿ, ಗೆರೆಯಾಚೆ. ಕರಿಬೇವು ಅತ್ಯಗತ್ಯ ವಸ್ತು ಎಂದು ದಾರಿಯಲ್ಲಿ ತಡೆಯುವ ಗಾರ್ಡಾಗೆ, ಅಂದರೆ ಇಲ್ಲಿನ ಪೊಲೀಸರಿಗೆ, ಹೇಗೆ ತಿಳಿಸಿ ಹೇಳಲಿ? ಸೋಂಕಿನ ಭಯಕ್ಕೆ ಸಾಮಾನು ತಂದುಕೊಡುವ ಹುಡುಗರು ಬಾಗಿಲನ್ನು ಧಡಧಡ ಬಡಿದು, ಪೊಟ್ಟಣ ಮೆಟ್ಟಿಲ ಮೇಲಿಟ್ಟು, ಓಡಿಹೋಗಿ ಕಾರಿನ ಪಕ್ಕ ನಿಲ್ಲುತ್ತಿದ್ದರು. ಪ್ರತಿ ಬಡಿತಕ್ಕೂ ನಾನು ಅಡುಗೆಮನೆಯ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಒಂದು ಸಂಜೆ ಟಿವಿಯಲ್ಲಿ, ಆ ಎಣಿಕೆ ಒಪ್ಪದ ಗುಂಪು ವಾಷಿಂಗ್ಟನ್ನಿನ ಸಂಸತ್ ಭವನದ ಗಾಜು ಒಡೆಯುವುದನ್ನು ತೋರಿಸಿದರು. ಆಮೇಲೆ ನಿದ್ದೆ ಎನ್ನುವುದೇ ಹೋಯಿತು. ಮಲಗುವುದು, ಒಂದು ಗಂಟೆಗೆ ಏಳುವುದು, ಬಾಗಿಲ ಚಿಲಕ ಮುಟ್ಟಿ ನೋಡುವುದು, ಮತ್ತೆ ಮಲಗುವುದು.

ಫೆಬ್ರವರಿಯಲ್ಲಿ ಅಕ್ಕ ಫೋನ್ ಮಾಡಿ, "ನವೆಂಬರ್‌ಗೆ ಇಲ್ಲಿ ಊರಿನ ಚುನಾವಣೆ ಐತೆ. ಎಣಿಕೆಗೆ ಬರ್ತೀರಾ ಅಂತ ಕೇಳಿದಾರೆ," ಅಂದಳು.

"ಬರಲ್ಲ ಅಂದ್ಯಾ?"

"ಇನ್ನೂ ಏನೂ ಅಂದಿಲ್ಲ."

"ಅಕ್ಕಾ, ನಿನಗೆ ಬುದ್ಧಿ ಐತಾ? ಆ ಫೋನ್ ಮಾಡಿದವರು ನಿನ್ನ ಮನೆ ಬಣ್ಣ ಹೇಳಿದ್ರು. ಬಣ್ಣ!"

"ನಾನು ಬಿಟ್ರೆ ಆ ಕುರ್ಚೀಲಿ ಯಾರು ಕೂರ್ತಾರೆ ಗೊತ್ತೇನೇ ಶೈಲೂ? ಗಾಜು ಬಡಿದವನು ಬಂದು ಕೂರ್ತಾನೆ."

ನಮ್ಮಪ್ಪ ಮೇಷ್ಟ್ರಾಗಿದ್ದರು. ಚುನಾವಣೆ ಡ್ಯೂಟಿ ಬಂದರೆ ಹಾಸಿಗೆ ಸುತ್ತಿಕೊಂಡು, ಮತಪೆಟ್ಟಿಗೆಯ ಜೊತೆ ಬಸ್ಸಿನಲ್ಲಿ ಯಾವುದೋ ಹಳ್ಳಿಯ ಶಾಲೆಗೆ ಹೋಗಿ ಮಲಗುತ್ತಿದ್ದರು. ಬೈದುಕೊಂಡೇ ಹೋಗುತ್ತಿದ್ದರು, ಆದರೆ ಹೋಗುತ್ತಿದ್ದರು. ಅಕ್ಕನಿಗೆ ಅದು ಅಂಟಿದೆ. ನನಗೆ ಅಪ್ಪನ ಬೈಗುಳ ಮಾತ್ರ ಅಂಟಿದೆ.

ನನ್ನ ಸಿಟ್ಟೆಲ್ಲ ಆ ಪದ್ಧತಿಯ ಮೇಲೆ ತಿರುಗಿತು. ಅಮೆರಿಕದಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಂದು ಪ್ರತಿನಿಧಿಗಳ ಮತವಿದೆ. ಬಹುಪಾಲು ರಾಜ್ಯಗಳಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವನಿಗೂ ಅಷ್ಟೂ ಹೋಗುತ್ತವೆ. ಹಾಗಾಗಿ ದೇಶದ ಹಣೆಬರಹ ಬಿಗಿ ಪೈಪೋಟಿಯ ನಾಲ್ಕಾರು ರಾಜ್ಯಗಳಲ್ಲಿ ತೀರ್ಮಾನವಾಗುತ್ತದೆ. ಅಕ್ಕನದು ಅಂಥ ರಾಜ್ಯ. ಎಲ್ಲ ಸಿಟ್ಟೂ ಅವಳ ಕೋಣೆಯ ಗಾಜಿನ ಮೇಲೆ ಬಂದು ಬೀಳುತ್ತದೆ.

ನಮ್ಮ ಎಸ್ಟೇಟಿನಲ್ಲಿ ಇನ್ನೊಬ್ಬ ಕನ್ನಡಿಗರಿದ್ದರು, ಡಾಕ್ಟರ್ ಇರ್ಫಾನ್. ಬೆಂಗಳೂರಿನ ಶಿವಾಜಿನಗರದವರು, ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ, ಮುಖದ ಮೇಲೆ ಮಾಸ್ಕಿನ ಅಚ್ಚು ಯಾವಾಗಲೂ ಇರುತ್ತಿತ್ತು. ಎರಡು ಮೀಟರ್ ದೂರ ಬಿಟ್ಟು ಬಯಲು ಸುತ್ತುವಾಗ ನಮಗೆ ದಿನಾ ಇದೇ ಜಗಳ.

"ಎಲ್ಲಾರ ವೋಟೂ ಒಂದೇ ರಾಶಿಗೆ ಹಾಕಿ ಎಣಿಸ್ಬೇಕು ಡಾಕ್ಟ್ರೇ. ಆಗ ಅಕ್ಕನ ರೂಮಿಗೆ ಯಾವನು ಬರ್ತಾನೆ?"

"ಕರೆಕ್ಟ್. ಅಕ್ಕನ ರೂಮಿಗೆ ಬರಲ್ಲ. ಎಲ್ಲಾ ರೂಮಿಗೂ ಬರ್ತಾರೆ," ಅಂದರು. "ಈಗ ನಾಲ್ಕು ಕಡೆ ಬೆಂಕಿ. ಆಗ ದೇಶದ ತುಂಬಾ."

"ಚಿಕ್ಕ ರಾಜ್ಯದವನ ವೋಟಿಗೆ ಜಾಸ್ತಿ ತೂಕ. ಇದು ನ್ಯಾಯನಾ?"

"ಓಹೋ! ನಾಳೆ ಲೋಕಸಭೆ ಸೀಟು ಜನಸಂಖ್ಯೆ ಲೆಕ್ಕದಲ್ಲೇ ಹಂಚ್ತೀವಿ, ಕರ್ನಾಟಕಕ್ಕೆ ಕಮ್ಮಿ ಅಂದ್ರೆ? ಮೊದಲು ಬೀದಿಗೆ ಇಳಿಯೋರು ನೀವೇ ಮೇಡಂ. ಆಗ ತಲೆ ಎಣಿಸಬೇಡಿ, ರಾಜ್ಯ ಎಣಿಸಿ ಅಂತೀರಾ."

ಅವರು ಬಿಡಲಿಲ್ಲ. "ನಮ್ಮ ರಾಷ್ಟ್ರಪತಿಗೂ ನಾವು ವೋಟು ಹಾಕಲ್ಲ. ಎಮ್ಮೆಲ್ಲೆ, ಎಂಪಿ ಹಾಕ್ತಾರೆ. ಯಾವತ್ತಾದ್ರೂ ಬೇಜಾರಾಗಿದೆಯಾ?"

"ನಮ್ಮ ರಾಷ್ಟ್ರಪತಿ ಹತ್ರ ಅಣುಬಾಂಬಿನ ಗುಂಡಿ ಇಲ್ಲ," ಅಂದೆ. ಆ ದಿನಕ್ಕೆ ಅಲ್ಲಿಗೆ ನಿಂತಿತು.

ಈ ಜಗಳವನ್ನು ಬೇಲಿಯಾಚೆಯಿಂದ ಅರ್ಥವಾಗದೆಯೂ ಕೇಳಿಸಿಕೊಳ್ಳುತ್ತಿದ್ದವನು ಪಕ್ಕದ ಮನೆಯ ಡೋನಲ್. ಎಪ್ಪತ್ತು ದಾಟಿದ ನಿವೃತ್ತ ಅಂಚೆಯಾಳು. ಕಾರ್ಕಿನವರು ಹೆಂಗಸರನ್ನು ಎಷ್ಟೇ ವಯಸ್ಸಾಗಲಿ 'ಗರ್ಲ್' ಎಂದು ಕರೆಯುತ್ತಾರೆ. ನಾನೂ ಗರ್ಲ್ ಆದೆ. ವೋಟು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಕಣ್ಣು ಹೊಳೆಯಿತು. ಜೀವಮಾನವಿಡೀ ಅವನು ಟ್ಯಾಲಿಮ್ಯಾನ್ ಆಗಿದ್ದನಂತೆ. ಇದು ಈ ದೇಶದ ಸೋಜಿಗ. ಮತಪೆಟ್ಟಿಗೆ ತೆರೆದಾಗ ಎಲ್ಲ ಪಕ್ಷದವರೂ ಅಡ್ಡಗಂಬಿಗೆ ಆತುಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು, ಪ್ರತಿ ಚೀಟಿಯನ್ನೂ ಕಣ್ಣಾರೆ ನೋಡಿ ಗೆರೆ ಹಾಕಿಕೊಳ್ಳುತ್ತಾರೆ. ಎದುರಾಳಿಗಳು ಒಬ್ಬರಿಗೊಬ್ಬರು ಲೆಕ್ಕ ಹಂಚಿಕೊಳ್ಳುತ್ತಾರೆ. ಇಲ್ಲಿ ಮತ ಹಾಕುವುದು 1, 2, 3 ಎಂದು ಬರೆದು: ಮೊದಲನೆಯವನು ಸೋತು ಹೊರಬಿದ್ದರೆ ನಿಮ್ಮ ಮತ ಎರಡನೆಯವನಿಗೆ ಹೋಗುತ್ತದೆ. ಆದ್ದರಿಂದ ಎಣಿಕೆ ದಿನಗಟ್ಟಲೆ ನಡೆಯುತ್ತದೆ. ಇಲ್ಲಿನ ಅಧ್ಯಕ್ಷರನ್ನೂ ಹಾಗೆಯೇ, ಇಡೀ ದೇಶದ ಮತವನ್ನು ಒಂದೇ ರಾಶಿ ಮಾಡಿ ಆರಿಸುತ್ತಾರೆ.

"ದಿನಗಟ್ಟಲೆ? ಜನ ಗಲಾಟೆ ಮಾಡಲ್ವಾ?" ಎಂದೆ.

"ಗಲಾಟೆನಾ? ಅದು ಬೇಗ ಮುಗಿದರೆ ಮಾಡುತ್ತೇವೆ, ಗರ್ಲ್," ಅಂದ.

ಜೂನ್ ಬಂತು, ನಿರ್ಬಂಧ ಸಡಿಲವಾಯಿತು. ನಮ್ಮ ಎಸ್ಟೇಟಿನ ನಿವಾಸಿಗಳ ಸಂಘಕ್ಕೆ ಚುನಾವಣೆ ಎಂದು ಡೋನಲ್ ಸಾರಿದ. ಮೂರು ಸ್ಥಾನಕ್ಕೆ ಐವರು. ನಡುಬಯಲಿನಲ್ಲಿ ಮಕ್ಕಳಿಗೆ ಫುಟ್ಬಾಲ್ ಗೋಲು ನೆಡಬೇಕೆನ್ನುವವರು, ಬೇಡವೆನ್ನುವವರು. ಆರು ತಿಂಗಳು ಮನೆಯೊಳಗೆ ಕೊಳೆತಿದ್ದ ಜನಕ್ಕೆ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು. ಎಣಿಸಲು ನನ್ನನ್ನೇ ಕೂರಿಸಿದರು. ಲ್ಯಾಬಿನಲ್ಲಿ ಮಾತ್ರೆ ಎಣಿಸುತ್ತೀಯಲ್ಲ, ಮೇಲಾಗಿ ನಿನಗಿಲ್ಲಿ ಯಾರೂ ನೆಂಟರಿಲ್ಲ ಎನ್ನುವುದು ಡೋನಲ್‌ನ ವಾದ. ಬೇಡ ಎನ್ನಲಾಗದೆ ಒಪ್ಪಿಕೊಂಡೆ.

ಎಣಿಕೆ ನಡೆದದ್ದು ಫುಟ್ಬಾಲ್ ಕ್ಲಬ್ಬಿನ ಸಣ್ಣ ಕೋಣೆಯಲ್ಲಿ. ಬಿಸ್ಕತ್ತಿನ ತಗಡಿನ ಡಬ್ಬವೇ ಮತಪೆಟ್ಟಿಗೆ. ಮಧ್ಯಾಹ್ನಕ್ಕೆಂದು ನಾನು ಅದೇ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಒಯ್ದಿದ್ದೆ. ಬೇರೆ ಡಬ್ಬಿ ಇರಲಿಲ್ಲ. ಜನ ಇನ್ನೂ ಬಯಲಿನಲ್ಲೇ ಇದ್ದರು. ನಾನು ಒಳಗೆ ಹೋದೆ. ಬಾಗಿಲು ಹಾಕಿ ಚಿಲಕ ಹಾಕಿದೆ. ಎರಡೂ ಕಿಟಕಿಯ ಪರದೆ ಎಳೆದೆ. ಇದೆಲ್ಲ ಮಾಡಿದೆ ಎಂದು ನನಗೆ ಗೊತ್ತೇ ಆಗಲಿಲ್ಲ. ಗಾಳಿಯಾಡಲಿ, ಬಾಗಿಲು ತೆರೆದಿಡಿ ಎಂದು ಒಂದು ವರ್ಷದಿಂದ ಊರೆಲ್ಲ ಬಡಿದುಕೊಳ್ಳುತ್ತಿದ್ದ ಕಾಲದಲ್ಲಿ ನಾನೊಬ್ಬಳು ಎಲ್ಲ ಮುಚ್ಚಿಕೊಂಡು ಕೂತು ಕನ್ನಡದಲ್ಲಿ ಎಣಿಸತೊಡಗಿದ್ದೆ.

ಹೊರಗೆ ಗುಸುಗುಸು. ಆಮೇಲೆ ಯಾರೋ ಕಿಟಕಿಯ ಗಾಜು ತಟ್ಟಿದರು. ಮೆಲ್ಲಗೇ ತಟ್ಟಿದ್ದು. ಚೀಟಿಗಳೆಲ್ಲ ನನ್ನ ಕೈಯಿಂದ ಜಾರಿ ನೆಲದ ತುಂಬ ಹರಡಿದವು.

"ಗರ್ಲ್, ನಾನು, ಡೋನಲ್. ತೆಗಿ."

ನಾನು ತೆಗೆಯಲಿಲ್ಲ. ಆಗ ಇರ್ಫಾನ್ ದನಿ, ಕನ್ನಡದಲ್ಲಿ: "ಶೈಲಜಾ ಅವ್ರೇ, ಇಲ್ಲಿ ಯಾರೂ ಸಿಟ್ಟಾಗಿಲ್ಲ. ಗೋಲ್ ಬೇಕು ಅನ್ನೋರು ಐಸ್‌ಕ್ರೀಮ್ ತಿಂತಾವ್ರೆ, ಬೇಡ ಅನ್ನೋರೂ ತಿಂತಾವ್ರೆ. ಬಾಗಿಲು ತೆಗೀರಿ."

ತೆಗೆದೆ. ಡೋನಲ್ ಪರದೆ ಸರಿಸಿದ, ಕಿಟಕಿ ಎತ್ತಿದ, ಮೇಜನ್ನು ಹೊಸ್ತಿಲಿಗೆ ಎಳೆದ. ಆಮೇಲೆ ಎರಡೂ ಬಣದವರನ್ನು ಕರೆದು ಕೈಗೊಂದು ಪೆನ್ಸಿಲ್ ಕೊಟ್ಟ. "ಹೊರಗೆ ನಿಂತವನಿಗೆ ಕೆಲಸ ಕೊಡಬೇಕು, ಗರ್ಲ್. ಕೈ ಖಾಲಿಯಿದ್ದರೆ ಗಾಜು ಬಡಿಯುತ್ತಾನೆ." ಅವನಿಗೆ ನನ್ನ ಕತೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಕೇಳಿಲ್ಲ.

ಹೊಸ್ತಿಲಿನಲ್ಲಿ ಬಗ್ಗಿ ನಿಂತಿದ್ದ ಕೆಂಪುಕೂದಲಿನ ಹೆಂಗಸೊಬ್ಬಳು, ಗೋಲು ಬೇಡವೆನ್ನುವ ಬಣದ ಅಭ್ಯರ್ಥಿ, ಮೇಜಿನ ಕೆಳಗೆ ನೋಡಿ ಕೇಳಿದಳು: "ವಾಟ್ಸ್ ಇನ್ ದ ಬಾಕ್ಸ್?"

ಅದೇ ಮಾತು. ಡಬ್ಬಿ ಎತ್ತಿ ಮೇಜಿನ ಮೇಲಿಟ್ಟೆ. ಕೊಂಡಿ ಬಿಡಿಸಿದೆ. ಮುಚ್ಚಳ ತೆಗೆದೆ. ಅರಿಶಿನ, ನಿಂಬೆ, ಒಗ್ಗರಣೆಯ ವಾಸನೆ. ಅವಳು ಮೂಗು ಹಿಗ್ಗಿಸಿ, "ಓ, ಇಟ್ಸ್ ಲಂಚ್," ಎಂದಳು. ನಿರಾಸೆಯೇನೂ ಇರಲಿಲ್ಲ ದನಿಯಲ್ಲಿ. ಎಲ್ಲರಿಗೂ ಕಾಗದದ ಲೋಟದಲ್ಲಿ ಒಂದೊಂದು ಹಿಡಿ ಬಂತು. ಸಂಜೆಯವರೆಗೆ ಮತ ಇವನಿಂದ ಅವನಿಗೆ ವರ್ಗವಾಗುತ್ತ ಹೋಯಿತು. ಕೊನೆಯ ಸ್ಥಾನದ ಅಂತರ ಒಂದೇ ಮತ. ಸೋತವಳು ಆ ಕೆಂಪುಕೂದಲಿನವಳೇ. ತನ್ನ ಪೆನ್ಸಿಲ್ ಗೆರೆಗಳನ್ನು ಇನ್ನೊಮ್ಮೆ ನೋಡಿದಳು, ತುಟಿ ಕಚ್ಚಿದಳು, "ಗ್ರ್ಯಾಂಡ್," ಎಂದಳು. ಸರಿ, ಆಯಿತು, ಇರಲಿ, ಎಲ್ಲಕ್ಕೂ ಇಲ್ಲಿ ಅದೊಂದೇ ಮಾತು. ಅವತ್ತು ಅದರಲ್ಲಿ ಸಿಟ್ಟೂ ಇತ್ತು. ಆದರೂ ಮನೆಗೆ ನಡೆದಳು.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು, ಆಮೇಲೆ ನಗಲಿಲ್ಲ.

"ನಮ್ಮಲ್ಲೂ ಎರಡೂ ಪಕ್ಷದ ವೀಕ್ಷಕರು ಇದ್ರು ಕಣೇ. ಪಕ್ಕದಲ್ಲೇ ನಿಂತಿದ್ರು. ಹೊರಗಿದ್ದವರಿಗೆ ಅದು ಸಾಕಾಗಲಿಲ್ಲ. ನಿಮ್ಮದು ಫುಟ್ಬಾಲ್ ಗೋಲು, ನಮ್ಮದು ಅಧ್ಯಕ್ಷ."

"ಅದಕ್ಕೇ ಅಲ್ವಾ ಪದ್ಧತಿ ಬದಲಾಗ್ಬೇಕು ಅನ್ನೋದು?"

"ಬದಲಾಗ್ಲಿ. ನಾನೂ ಬೇಡ ಅನ್ನಲ್ಲ. ಬದಲಾಗೋವರೆಗೂ ಎಣಿಸೋರು ಬೇಕಲ್ಲ?"

ನಾನು ತಿಂಗಳುಗಟ್ಟಲೆ ಕಟ್ಟಿಟ್ಟಿದ್ದ 'ಹೋಗಬೇಡ' ಎಂಬ ಮಾತು ಬಾಯಿಯವರೆಗೆ ಬಂತು. "ಊಟದ ಡಬ್ಬಿ ಮರೀಬೇಡ," ಎಂದೆ.

ಇಲ್ಲಿ ವಾಸವಿರುವ ಯಾರೇ ಆದರೂ, ಯಾವ ದೇಶದವರೇ ಆದರೂ, ಊರಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಡೋನಲ್ ಹಿಂದೆ ಬಿದ್ದು ನನ್ನ ಹೆಸರು ಸೇರಿಸಿದ. ಅಮ್ಮ ಹೇಳುತ್ತಾಳೆ, ದಾವಣಗೆರೆಯ ನಮ್ಮ ಬೂತಿನ ಪಟ್ಟಿಯಲ್ಲೂ ನನ್ನ ಹೆಸರು ಇನ್ನೂ ಇದೆಯಂತೆ. ಅಪ್ಪನ ಹೆಸರು ತೆಗೆದಿದ್ದಾರಂತೆ. ಹೋಗಲಾಗದ ಕಡೆ ಒಂದು ಮತ, ಬಂದು ವರ್ಷ ತುಂಬದ ಕಡೆ ಒಂದು ಮತ. ನನ್ನ ಎದೆ ಬಡಿದುಕೊಳ್ಳುವ ದೇಶದಲ್ಲಿ, ಅಕ್ಕನಿರುವಲ್ಲಿ, ಒಂದೂ ಇಲ್ಲ.

ನವೆಂಬರಿನ ಆ ಮಂಗಳವಾರ ಅಕ್ಕ ಮೇಜಿಗೆ ಹೋದಳು. ಅಲ್ಲಿ ಮತದಾನ ಮುಗಿಯುವ ಹೊತ್ತಿಗೆ ನಮಗೆ ನಡುರಾತ್ರಿ ಕಳೆದಿರುತ್ತದೆ. ಎದ್ದೇ ಇರುತ್ತೇನೆ ಎಂದು ಕಾಫಿ ಹಾಕಿಕೊಂಡೆ, ಫೋನನ್ನು ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಒರಗಿದೆ. ಕಣ್ಣು ಬಿಟ್ಟಾಗ ಕಸದ ಲಾರಿ ಬೀದಿಯಲ್ಲಿ ಡ್ರಮ್ಮುಗಳನ್ನು ಧಡಧಡ ಬಡಿಯುತ್ತಿತ್ತು. ಕಿಟಕಿಯಲ್ಲಿ ಬೆಳಕು ಬಂದಿತ್ತು. ಕಾಫಿ ಹಾಗೇ ತಣ್ಣಗಾಗಿತ್ತು. ಚಿಲಕ ನೋಡಲು ನಾನು ಒಮ್ಮೆಯೂ ಎದ್ದಿರಲಿಲ್ಲ. ಫೋನಿನಲ್ಲಿ ಅಕ್ಕನ ಸಂದೇಶ ಕಾಯುತ್ತಿತ್ತು:

"ಗಾಜಿಗೆ ರಟ್ಟು ಇಲ್ಲ. ಹೊರಗೆ ಒಂದು ನಾಯೀನೂ ಇಲ್ಲ. ಅಧ್ಯಕ್ಷರ ಚುನಾವಣೆ ಅಲ್ವಲ್ಲ, ಯಾರಿಗೆ ಬೇಕು. ಚಿತ್ರಾನ್ನಕ್ಕೆ ಉಪ್ಪು ಕಮ್ಮಿ ಆಗಿತ್ತು. ನಿದ್ದೆ ಮಾಡಿದ್ಯಾ?"