ಯಾವ ಆಯಿ?

ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಬಂದರೆ ಉಳಿದವರಿಗೆ ಹಸಿವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಮೊನ್ನೆ ಪಕ್ಕದ ಮನೆಯ ಸೊಸೆ, ಊರಿಂದ ಯಾರೋ ಗಾಣದ ಎಣ್ಣೆ ತಂದುಕೊಟ್ಟರೆಂದು, ಬೆಳಿಗ್ಗೆ ಬೆಳಿಗ್ಗೆಯೇ ಒಗ್ಗರಣೆ ಹಾಕಿದಳು. ಎಪ್ಪತ್ತು ದಾಟಿದ ನಾನು ಓದುತ್ತಿದ್ದ ಪೇಪರನ್ನು ಬಿಸಾಡಿ ಎದ್ದು ಹೋಗಿ ಧಡಾರನೆ ಕಿಟಕಿ ಮುಚ್ಚಿದೆ. ಮುಚ್ಚಿದ್ದರಿಂದ ಏನೂ ಉಪಯೋಗವಾಗಲಿಲ್ಲ, ಅಷ್ಟರಲ್ಲಿ ವಾಸನೆ ಒಳಗೆ ಬಂದು ಕುಳಿತಿತ್ತು. ನಿಮಗೂ ಅಂಥದೊಂದು ವಾಸನೆ ಇದ್ದೀತು. ಅದರಿಂದ ನಿಮ್ಮ ಕಣ್ಣು ತುಂಬುತ್ತಿದ್ದರೆ ನೀವು ಪುಣ್ಯವಂತರು. ನಾನು ಮಾತ್ರ ಮೊದಲು ಹಲ್ಲು ಕಡಿಯುತ್ತೇನೆ, ಅಳು ಆಮೇಲೆ ಬಂದರೆ ಬಂತು, ಇಲ್ಲವಾದರೆ ಇಲ್ಲ.

ಆ ವಾಸನೆ ನನ್ನ ಆಯಿಯದು. ಆಯಿ ಎಂದರೆ ನಮ್ಮ ಕಡೆಯ ಕನ್ನಡದಲ್ಲಿ ಅಜ್ಜಿ. ಮರಾಠಿಯಲ್ಲಿ ಅದೇ ಮಾತಿಗೆ ಅವ್ವ ಎಂದು ಅರ್ಥ. ಇದನ್ನು ಮೊದಲೇ ಬಿಡಿಸಿ ಹೇಳುತ್ತಿದ್ದೇನೆ, ಏಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಒಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕಲಕೋಟೆಯಿಂದ ಬಂಡಿಯಲ್ಲಿ ಎರಡು ತಾಸು ಹೋದರೆ ನಮ್ಮ ಹಳ್ಳಿ. ಕರಿ ಮಣ್ಣು, ಕಣ್ಣು ಹಾಯುವವರೆಗೆ ಜೋಳ, ದನ ನುಗ್ಗದಂತೆ ಅದರ ಸುತ್ತ ಮುಳ್ಳಿನ ಕುಸುಬಿ. ಆಯಿ ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡವಳು. ಮೈದುನರಿಬ್ಬರು, ವಿಧವೆಗೆ ಹೊಲ ಯಾಕೆ, ಎರಡು ಹೊತ್ತು ರೊಟ್ಟಿ ಸಾಕು ಎಂದು ಮಾತಾಡಿಕೊಂಡಿದ್ದರಂತೆ. ರಾಶಿಯ ದಿನ ಆಯಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಣದ ನಡುವಿನ ಮೇಟಿ ಕಂಬಕ್ಕೆ ಬೆನ್ನು ಕೊಟ್ಟು, ಕುಡುಗೋಲು ಹಿಡಿದು ಕುಳಿತಳು. ಗಂಡನಿಲ್ಲದವಳು ಮೇಟಿ ಮುಟ್ಟಿದಳೆಂದು ಊರು ಬಾಯಿ ಬಡಿದುಕೊಂಡಿತು. ಅವಳ ಪಾಲು ಅಳೆದು ಚೀಲಕ್ಕೆ ತುಂಬುವ ತನಕ ಅವಳು ಏಳಲಿಲ್ಲ. ಅಂದಿನಿಂದ ಊರಿನ ಸಣ್ಣವರು ದೊಡ್ಡವರೆಲ್ಲ ಅವಳನ್ನು ಆಯಿ ಎಂದೇ ಕರೆದರು, ಹೆಸರು ಹಿಡಿಯುವ ಎದೆ ಯಾರಿಗೂ ಇರಲಿಲ್ಲ.

ಅವಳನ್ನು ಮುದ್ದಿನ ಅಜ್ಜಿ ಎಂದುಕೊಂಡೀರಿ. ಅವಳ ನಾಲಿಗೆಯಲ್ಲಿ ಜೇನು ಇರಲಿಲ್ಲ. ಬೈಗುಳದಿಂದ ಎಬ್ಬಿಸಿ ಬೈಗುಳದಿಂದಲೇ ಮಲಗಿಸುತ್ತಿದ್ದಳು. ಆದರೆ ಚಳಿಗೆ ನನ್ನ ಹಿಮ್ಮಡಿ ಒಡೆದರೆ ಒಲೆಯ ಮುಂದೆ ಕೂರಿಸಿಕೊಂಡು, ಬೆಳ್ಳುಳ್ಳಿ ಕಾಯಿಸಿದ ಕುಸುಬಿ ಎಣ್ಣೆಯನ್ನು ಒಂದೊಂದೇ ಬಿರುಕಿಗೆ ಹಚ್ಚಿ ಉಜ್ಜುತ್ತಿದ್ದಳು. ಉಳಿದ ಎಣ್ಣೆಯನ್ನು ಶೇಂಗಾ ಚಟ್ನಿಯ ಮೇಲೆ ಸುರಿದು, ಬಿಸಿ ರೊಟ್ಟಿಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ಕಾಲಿಗೂ ಬಾಯಿಗೂ ಒಂದೇ ಎಣ್ಣೆ. ಬಡಬಡ ರೊಟ್ಟಿ ಬಡಿಯುವ ಆ ಕೈಯ ಸಪ್ಪಳ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನಲ್ಲಿ ಸುತ್ತುವ ಹೊಗೆ, ಅವಳ ಹಣೆಯ ಈಬತ್ತಿಯ ತಣ್ಣನೆ ವಾಸನೆ, ಇವುಗಳ ನಡುವೆ ನಾನು ಏಳು ವರ್ಷದವಳಾದೆ. ಅವಳಷ್ಟು ಯಾರನ್ನೂ ನಾನು ಪ್ರೀತಿಸಲಿಲ್ಲ, ಆಮೇಲೆ ಹುಟ್ಟಿದ ನನ್ನ ಮಕ್ಕಳನ್ನೂ ಸಹ.

ಹೆತ್ತವಳು ಎಲ್ಲಿದ್ದಳು ಎಂದು ಕೇಳುತ್ತೀರಿ. ಸೋಲಾಪುರದಲ್ಲಿದ್ದಳು. ಅಪ್ಪನದು ನವಿ ಪೇಠಿನಲ್ಲಿ ಬಟ್ಟೆಯ ಅಂಗಡಿ, ಮೇಲೆ ಮನೆ. ಅವ್ವನ ತವರು ಮಂಗಳವೇಢೆ. ಜಾತಿಯಿಂದ ನಮ್ಮವರೇ, ಮನೆಮಾತು ಮಾತ್ರ ಮರಾಠಿ. ನಾನು ಒಂದೂವರೆ ವರ್ಷದವಳಿದ್ದಾಗ ಪೇಟೆಯಲ್ಲಿ ಪ್ಲೇಗು ಬಿತ್ತು, ನನ್ನನ್ನು ಹಳ್ಳಿಗೆ ಕಳಿಸಿದರು. ಪ್ಲೇಗು ಹೋಯಿತು. ಆದರೆ ಮೇಲಿಂದ ಮೇಲೆ ಎರಡು ಕೂಸು ಹುಟ್ಟಿ ಸತ್ತು ಅವ್ವ ಹಾಸಿಗೆ ಹಿಡಿದಳು, ನನ್ನನ್ನು ಕರೆಸುವುದು ಮುಂದಕ್ಕೆ ಬಿತ್ತು. ಕೊನೆಗೆ ಸಾಲೆಗೆ ಹಾಕಬೇಕೆಂದು ಅಪ್ಪನೊಂದಿಗೆ ತಾನೇ ಬಂದಳು. ನಾನು ಅಂಗಳದಲ್ಲಿ ಆಡುತ್ತಿದ್ದೆ. ಜರಿಯಂಚಿನ ಸೀರೆ ಉಟ್ಟವಳು ಬಂಡಿಯಿಂದ ಇಳಿದು ನನ್ನತ್ತ ಎರಡೂ ಕೈ ಚಾಚಿದಳು. ನಾನು ಒಳಗೆ ಓಡಿಹೋಗಿ ಕೂಗಿದೆ.

"ಆಯೀ, ಯಾರೋ ಬಾಯಾರು ಬಂದಾರ ನೋಡು."

ಅವ್ವನ ಕಿವಿಗೆ ಅದು ಹೇಗೆ ಬಿದ್ದಿರಬೇಕು ಎಂದು ಈಗ ತಿಳಿಯುತ್ತದೆ. ಹೆತ್ತ ಮಗಳು ಇನ್ನೊಬ್ಬಳನ್ನು ಅವ್ವ ಎಂದು ಕೂಗಿ, ತನ್ನನ್ನು ಯಾರೋ ಬಾಯಿ, ಯಾರೋ ಹೆಂಗಸು ಎಂದಳು. ಬಾಗಿಲಲ್ಲೇ ನಿಂತು, ಇವಳಿಗೆ ಹೀಗೆ ಕರೆಯಲು ಕಲಿಸಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು. ಅಕ್ಕಲಕೋಟೆಯ ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುತ್ತಿದ್ದ ಆಯಿಗೆ ಆ ಪ್ರಶ್ನೆಯೂ ತಿಳಿಯಿತು, ತಪ್ಪು ಎಲ್ಲಿದೆ ಎಂಬುದೂ ತಿಳಿಯಿತು. ನಮ್ಮಲ್ಲಿ ಅಜ್ಜಿಗೆ ಹಾಗೆ ಅನ್ನುತ್ತಾರೆ ತಾಯಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನನ್ನು ಒಯ್ಯಲು ಬಂದವಳ ಮೇಲೆ ಅವಳಿಗೆ ಸಿಟ್ಟಿತ್ತು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೇಳಿದಳು.

"ಹಡದಾಕಿ ಬ್ಯಾರೆ, ಸಾಕಿದಾಕಿ ಬ್ಯಾರೆ. ಸಾಕಿದಾಕಿಗೆ ಹಂಗ ಅಂತಾರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವನ ಮುಖ ಬೆಳ್ಳಗಾಯಿತು. ಎರಡೂ ಭಾಷೆ ಬಲ್ಲ ಅಪ್ಪ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ, ತಲೆಯೆತ್ತಿ ಮಾಳಿಗೆಯ ತೊಲೆ ನೋಡುತ್ತ ನಿಂತ. ಆ ಮೂವರನ್ನೂ ನಾನು ಕ್ಷಮಿಸಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಬದುಕಿರುವವರಲ್ಲಿ ಸಿಟ್ಟು ಇಟ್ಟುಕೊಳ್ಳುವಷ್ಟು ಹತ್ತಿರದವರು ನನಗೆ ಈಗ ಯಾರೂ ಉಳಿದಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೋಲಾಪುರದಲ್ಲಿ ಅವ್ವನ ಕಾಲ ಬಂತು. ಗಿರಣಿಯ ಭೋಂಗಾ ಕೂಗಿದರೆ ಏಳುವ ಊರು, ಕೆಳಗೆ ಅಂಗಡಿಯಲ್ಲಿ ಹೊಸ ಬಟ್ಟೆಯ ಗಂಜಿಯ ಹುಳಿ ವಾಸನೆ, ಮೇಲೆ ಕಪ್ಪು-ಬಸಿಯಲ್ಲಿ ಚಹಾ. ಮೊದಲ ದಿನವೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ತನಗೆ ಬರುವಷ್ಟು ಕನ್ನಡದಲ್ಲಿ ಕಟ್ಟಳೆ ಹಾಕಿದಳು. "ಈ ಮನ್ಯಾಗ ಆಯಿ ಅಂದ್ರ ನಾನು. ಆ ಮುದುಕಿ ಆಜಿ. ಕಳಲ ಕಾ? ತಿಳೀತೇನು?" ತಪ್ಪಿದರೆ ಹೊಡೆತ. ನಿದ್ದೆಗಣ್ಣಲ್ಲಿ ಹಳೆಯ ಆಯಿಯನ್ನು ಕೂಗಿದ್ದಕ್ಕೂ ಹೊಡೆತ ತಿಂದಿದ್ದೇನೆ. ಬಳಿಕ ಪಕ್ಕಕ್ಕೆ ಎಳೆದುಕೊಂಡು ತಾನೂ ಅಳುತ್ತಿದ್ದಳು, ತಲೆ ಬಾಚಿ ಹೂ ಮುಡಿಸುತ್ತಿದ್ದಳು, ಪೇಢೆ ತಿನ್ನಿಸುತ್ತಿದ್ದಳು. ಹೊಡೆತಕ್ಕೆ ನಾನು ಬಗ್ಗಲಿಲ್ಲ. ಪೇಢೆಗೆ ಬಗ್ಗಿದೆ. ಸಾಲೆಯಲ್ಲಿ ಮರಾಠಿ, ಗೆಳತಿಯರಲ್ಲಿ ಮರಾಠಿ, ವರ್ಷ ತುಂಬುವುದರೊಳಗೆ ನನ್ನ ಕನಸೂ ಮರಾಠಿಯಾಯಿತು. ರಜೆಗೆ ಹಳ್ಳಿಗೆ ಕಳಿಸಲಿಲ್ಲ, ಕಳಿಸಿ ಎಂದು ನಾನು ಹಟ ಮಾಡುವುದನ್ನೂ ಬಿಟ್ಟೆ.

ಒಮ್ಮೆ ಆಯಿಯೇ ಬಂದಳು. ತಲೆಯ ಮೇಲೆ ಜೋಳದ ಹಿಟ್ಟಿನ ಗಂಟು, ಕೈಯಲ್ಲಿ ಎಣ್ಣೆಯ ಡಬ್ಬಿ, ಧೂಳು ತುಂಬಿದ ಕಾಲು. ಹೊಸ್ತಿಲ ಹೊರಗೆ ನಿಂತಳು, ಒಳಗೆ ಬರಲಿಲ್ಲ. ಅವ್ವ ಚಹಾ ತಂದಿಟ್ಟಳು, ಅದನ್ನು ಮುಟ್ಟಲಿಲ್ಲ. ಇಬ್ಬರೂ ನನ್ನನ್ನೇ ನೋಡಿದರು. ನಾನು ಏನೆಂದು ಕರೆಯುತ್ತೇನೆ ಎಂದು ಇಬ್ಬರೂ ಕಾಯುತ್ತಿದ್ದಾರೆ ಎಂಬುದು ಎಂಟು ವರ್ಷದವಳಿಗೂ ತಿಳಿಯುತ್ತದೆ. ನಾನು ಅವ್ವನ ಪಕ್ಕ ಸರಿದು, "ಆಜಿ, ಬಸಾ" ಎಂದೆ. ಕೂತುಕೋ ಎಂಬುದನ್ನೂ ಅವಳ ಭಾಷೆಯಲ್ಲಿ ಹೇಳಲಿಲ್ಲ. ಆಯಿ ನನ್ನ ಗದ್ದ ಮುಟ್ಟಿ, ಸೊರಗೀದಿ ಶಾಂತವ್ವ ಎಂದಷ್ಟೇ ಅಂದು, ಗಂಟು ಇಳಿಸಿ, ಬಂದ ದಾರಿಯಲ್ಲೇ ಹೋದಳು. ಅವಳು ತಂದ ಎಣ್ಣೆ ಕಮಟು ಎಂದು ಅವ್ವ ಅದನ್ನು ದೀಪಕ್ಕೆ ಬಳಸಿದಳು.

ಮುಂದಿನ ಚಳಿಗಾಲ ಅಪ್ಪ ಮಾಲು ತರಲು ಮುಂಬೈಗೆ ಹೋಗಿದ್ದ. ಒಂದು ಬೆಳಿಗ್ಗೆ ಅಂಗಡಿಯ ಬರಹ ನೋಡುವ ದಿವಾಣಜಿ ಮೆಟ್ಟಿಲು ಹತ್ತಿ ಓಡಿ ಬಂದ. ಹಳ್ಳಿಯಿಂದ ಹೊರಟ ಸುದ್ದಿ ಅಕ್ಕಲಕೋಟೆಯಲ್ಲಿ ಮೋಟಾರಿನ ಡ್ರೈವರನಿಗೆ ಸಿಕ್ಕು, ಅವನಿಂದ ನಮ್ಮ ಪಕ್ಕದ ಚಹಾದಂಗಡಿಯವನಿಗೆ ಸಿಕ್ಕು, ಅವನಿಂದ ದಿವಾಣಜಿಗೆ ಸಿಕ್ಕಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಮೂರು ಬಾಯಿ ದಾಟುವಷ್ಟರಲ್ಲಿ ಊರ ಹೆಸರು ಉದುರಿಹೋಗಿತ್ತು. "ಬಾಯಿ, ಆಯೀಲಾ ಜಾಸ್ತ ಝಾಲಂಯ. ಆಜಚ ನಿಘಾ" ಎಂದ ದಿವಾಣಜಿ. ಆಯಿಗೆ ಜಡ್ಡು ಹೆಚ್ಚಾಗಿದೆ, ಇವತ್ತೇ ಹೊರಡಿ ಎಂದು. ಅವ್ವ ಎದೆ ಬಡಿದುಕೊಂಡಳು. ಅವಳ ಆಯಿ ಇದ್ದದ್ದು ಮಂಗಳವೇಢೆಯಲ್ಲಿ. ಗಂಟುಮೂಟೆ ಕಟ್ಟಿ, ನನ್ನ ಕೈ ಹಿಡಿದು ಹೊರಟೇಬಿಟ್ಟಳು. ಹಳ್ಳಿ ಇರುವುದು ಮೂಡಣಕ್ಕೆ, ನಾವು ಹೋದದ್ದು ಪಡುವಣಕ್ಕೆ. ಭೀಮೆಯ ದಂಡೆಯ ತನಕ ಮೋಟಾರು, ಮೊಣಕಾಲುದ್ದದ ನೀರಿನಲ್ಲಿ ಬಂಡಿ ದಾಟಿತು. ದಾರಿಯುದ್ದಕ್ಕೂ ಅವ್ವ ಅಳುತ್ತಿದ್ದಳು, ನಾನು ಎತ್ತಿನ ಕಾಲ ಸುತ್ತ ಸುತ್ತುವ ಮೀನು ನೋಡುತ್ತಿದ್ದೆ.

ಹೋಗಿ ನೋಡಿದರೆ ಅವ್ವನ ತಾಯಿ ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆ ಕೇರುತ್ತಿದ್ದಳು. ಕೆಮ್ಮು ಸಹ ಇರಲಿಲ್ಲ. ಅತ್ತು, ನಕ್ಕು, ಎಲ್ಲರೂ ಸೇರಿ ದಿವಾಣಜಿಗೆ ಶಾಪ ಹಾಕಿದರು. ಅವನಿಗೆ ಕಿವಿ ಕೆಪ್ಪು ಎಂದರು. ಹೇಗೂ ಬಂದಿದ್ದೀರಿ, ಹೊಲದಲ್ಲಿ ಸೀತನಿ, ಸುಟ್ಟು ತಿನ್ನುವ ಎಳೆ ಜೋಳದ ತೆನೆ, ಹದಕ್ಕೆ ಬಂದಿದೆ, ಎರಡು ದಿನ ಇದ್ದು ಹೋಗಿ ಎಂದರು. ಹಾಗಾದರೆ ಜಡ್ಡಾದದ್ದು ಯಾವ ಆಯಿಗೆ ಎಂದು ಒಬ್ಬರೂ ಕೇಳಲಿಲ್ಲ. ಅವ್ವ ಕೇಳಲಿಲ್ಲ, ಆ ಮಾತಿಗೆ ಇನ್ನೊಂದು ಅರ್ಥ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಆಡಿಲ್ಲ, ನಿಮ್ಮ ಮುಂದೆ ಆಡುತ್ತಿದ್ದೇನೆ. ನಾನು ಹೆದರಿ ಸುಮ್ಮನಿದ್ದದ್ದಲ್ಲ. ನನಗೆ ಹೊಳೆಯಲೇ ಇಲ್ಲ. ದಿವಾಣಜಿ ಆ ಹೆಸರು ಹೇಳಿದಾಗ ನಾನು ತಿರುಗಿ ಅವ್ವನ ಮುಖ ನೋಡಿದೆ, ಅಷ್ಟೆ. ಹೊಲದಲ್ಲಿ ಬೆಂಕಿಯ ಸುತ್ತ ಕುಳಿತು, ಸುಟ್ಟ ತೆನೆಯಿಂದ ಹಸಿರು ಕಾಳು ತಿಕ್ಕಿ ತೆಗೆದು, ಬೆಲ್ಲ ಹಚ್ಚಿಕೊಂಡು ಹೊಟ್ಟೆ ಬಿರಿಯುವ ಹಾಗೆ ತಿಂದೆ. ಹಾಡು ಹೇಳು ಎಂದರು, ಸಾಲೆಯ ಮರಾಠಿ ಹಾಡು ಹೇಳಿದೆ.

ಮೂರನೆಯ ದಿನ ಅಪ್ಪ ಕಳಿಸಿದ ಆಳು ಬಂದ. ಅವನು ಸ್ಪಷ್ಟವಾಗಿ, ತುಮಚ್ಯಾ ಸಾಸೂಬಾಯಿ ಎಂದ, ನಿಮ್ಮ ಅತ್ತೆ. ಹೋಗಿಬಿಟ್ಟಿದ್ದಾಳೆ ಎಂದ.

ನಾವು ಹಳ್ಳಿ ಮುಟ್ಟುವಾಗ ಹೊಲದಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮುಂಬೈಯಿಂದ ಧಾವಿಸಿದ ಅಪ್ಪನಿಗೂ ಮುಖ ಸಿಕ್ಕಿರಲಿಲ್ಲ, ಕಟ್ಟೆಯ ಮೇಲೆ ಮೊಣಕಾಲಿಗೆ ತಲೆ ಹಚ್ಚಿ ಕುಳಿತಿದ್ದ. ಒಲೆ ತಣ್ಣಗಿತ್ತು. ಅವ್ವ ಒಲೆಯ ಪಕ್ಕದ ಗೋಡೆಗೆ ಕುಸಿದು ಅತ್ತಳು. ಅಲ್ಲಿಯೇ, ನೆರೆಯ ಹೆಂಗಸೊಬ್ಬಳಿಂದ, ಆಯಿ ಎಂದರೆ ಏನು ಎಂದು ಅವಳಿಗೆ ಕೊನೆಗೂ ತಿಳಿಯಿತು. ಆ ಅಳು ಸುಳ್ಳಲ್ಲ ಎಂದು ಈಗ ಒಪ್ಪುತ್ತೇನೆ. ಆಗ ಅವಳ ಕೈ ಝಾಡಿಸಿ ಅಂಗಳಕ್ಕೆ ಬಂದೆ, ನಿನ್ನಿಂದಲೇ ಆಯಿತು ಎಂದು ಕೂಗಿಕೊಂಡೆ.

ಅಂಗಳದಲ್ಲಿ ಭೀಮಣ್ಣ ದನಗಳಿಗೆ ಕಣಿಕಿ ಹಾಕುತ್ತಿದ್ದ. ನಲವತ್ತು ವರ್ಷ ನಮ್ಮ ಹೊಲ ಮಾಡಿದವನು, ಅಕ್ಕಲಕೋಟೆಗೆ ನಡೆದು ಹೋಗಿ ಸುದ್ದಿ ಮುಟ್ಟಿಸಿದವನೂ ಅವನೇ. ನನ್ನನ್ನು ಹತ್ತಿರ ಕರೆದು, ತಲೆಯ ಮೇಲೆ ಕೈಯಿಟ್ಟು, ಸಮಾಧಾನಕ್ಕೆಂದೇ ಮೆಲ್ಲಗೆ ಹೇಳಿದ.

"ನಾ ಅಂದಿದ್ದೆ ತಂಗಿ, ಬಾಯಾರಿಗಿ ಕನ್ನಡ ತಿಳ್ಯಾಂಗಿಲ್ಲ, ಸಾಸೂಬಾಯಿ ಅಂತ ಮರಾಠ್ಯಾಗ ಹೇಳಿ ಕಳಸೂಣು ಅಂತ. ಆಯಿಯವರು ಬ್ಯಾಡ ಅಂದ್ರು. 'ಆಯಿ ಅಂತ ಅಷ್ಟ ಹೇಳು. ಅಲ್ಲೆ ನಮ್ಮ ಶಾಂತವ್ವ ಅದಾಳ, ಆಕಿಗಿ ತಿಳೀತದ' ಅಂದ್ರು."

ಎರಡು ದಿನ ಆಯಿ ಬಾಗಿಲ ಕಡೆ ಮುಖ ಮಾಡಿಸಿಕೊಂಡು ಮಲಗಿದ್ದಳಂತೆ. ಅವ್ವನನ್ನು ಬೈಯುತ್ತೇನೆ, ಅಪ್ಪನನ್ನು ಬೈಯುತ್ತೇನೆ, ಸೇಡಿಗೆ ಒಂದು ಮಾತನ್ನು ನುಂಗಿದ ಆಯಿಯನ್ನೂ ಬೈಯುತ್ತೇನೆ. ಬೈದು ಬೈದು ಇಷ್ಟು ವರ್ಷ ಕಳೆದಿದ್ದೇನೆ. ಆದರೆ ಅವಳು ನಂಬಿದ್ದು ಅವರ್ಯಾರನ್ನೂ ಅಲ್ಲ, ನನ್ನನ್ನು.