ತಡವಾಗಿ ಬಂದ ಕುರಿಗಳು

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಕಾಫಿ ಹಣ್ಣಾಗುವುದಕ್ಕೂ ಕ್ರಿಸ್‌ಮಸ್ ಬರುವುದಕ್ಕೂ ಒಂದೇ ತಿಂಗಳು. ಹಗಲೆಲ್ಲ ತೋಟದಲ್ಲಿ ಕುಯಿಲು, ಸಂಜೆ ಕಣದಲ್ಲಿ ಹರವಿದ್ದನ್ನು ರಾಶಿ ಮಾಡಿ ಮುಚ್ಚುವ ಕೆಲಸ. ಅದರ ನಡುವೆಯೇ ಬಾಗಿಲಿಗೆ ನಕ್ಷತ್ರ ಕಟ್ಟಬೇಕು, ರೋಸ್ ಕುಕ್ಕೀಸ್ ಕರಿಯಬೇಕು, ಜಗಲಿಯ ಮೂಲೆಯಲ್ಲಿ ಗೋದಲಿ ಕಟ್ಟಬೇಕು. ಗೋದಲಿ ಎಂದರೆ ಬಾಲ ಯೇಸು ಹುಟ್ಟಿದ ಕೊಟ್ಟಿಗೆ. ಹುಲ್ಲಿನ ಮಾಡು, ಮಣ್ಣಿನ ಬೊಂಬೆಗಳು, ಸುತ್ತ ಗುಡ್ಡ, ಗುಡ್ಡದ ಮೇಲೆ ಹಸಿರು. ಹಬ್ಬದ ಹಿಂದಿನ ಸಂಜೆ ಚರ್ಚಿನ ಯುವಕರು ಮನೆಮನೆಗೆ ಬಂದು ಅದನ್ನು ನೋಡಿ ಅಂಕ ಹಾಕುತ್ತಾರೆ. ಆ ಅಂಕದ ದೆಸೆಯಿಂದ ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ಹಬ್ಬದ ದಿನ ಮುಖ ತಿರುಗಿಸಿ ಕುಳಿತಿದ್ದಾರೋ ಆ ದೇವರಿಗೇ ಗೊತ್ತು.

ನಾನು ಬಣಕಲ್‌ನಲ್ಲಿ ಬಟ್ಟೆ ಹೊಲಿಯುವವಳು. ಹಬ್ಬದ ಮುಂಚೆ ಎಲ್ಲರಿಗೂ ಬ್ಲೌಸು ನಾಳೆಯೇ ಬೇಕು. ಹಾಗಾಗಿ ಆತುರ ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದರಲ್ಲೇ ಹೊಟ್ಟೆ ಹೊರೆಯುತ್ತೇನೆ. ಆ ಆತುರವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಅಂತ ಮದುವೆಯಾದ ಹೊಸತರಲ್ಲೇ ತೀರ್ಮಾನ ಮಾಡಿದ್ದೆ. ಹಳೆಯ ಕ್ಯಾಲೆಂಡರ್ ಹರಿದು ಮಡಚಿ ನಕ್ಷತ್ರ ಮಾಡುತ್ತೇನೆ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಎಲೆಗಳನ್ನು ಬೆಳ್ಳಿ ಬಣ್ಣದ ಮಗ್ಗುಲು ಮೇಲೆ ಬರುವಂತೆ ಪೋಣಿಸಿ ಬಾಗಿಲಿಗೆ ತೋರಣ ಹಾಕುತ್ತೇನೆ. ಮುಗಿದಷ್ಟು ಮುಗಿಯಿತು, ಉಳಿದದ್ದು ಉಳಿಯಿತು. ಫೋನಿನಲ್ಲಿ ಬರುವ 'ಹತ್ತೇ ನಿಮಿಷದಲ್ಲಿ ಮಾಡಿ' ಎನ್ನುವ ವಿಡಿಯೋಗಳನ್ನು ನಾನೂ ನೋಡುತ್ತೇನೆ. ಆ ಹತ್ತು ನಿಮಿಷದ ಹಿಂದೆ ಎಷ್ಟು ಬೈಗುಳ ಕತ್ತರಿಸಿ ಹಾಕಿದ್ದಾರೆ ಎಂದು ಯೋಚಿಸಿದರೆ ನಗು ಬರುತ್ತದೆ.

ನಮ್ಮತ್ತೆ ಹಾಗಲ್ಲ. ಅವರು ಎಸ್ಟೇಟಿನ ನರ್ಸರಿಯಲ್ಲಿ ಇಡೀ ಆಯುಷ್ಯ ದುಡಿದವರು. ಕಾಫಿಯ ಎಳೆ ಸಸಿಯನ್ನು ಮರಳಿನಿಂದ ಎತ್ತಿ, ಬೇರು ಮಡಚದಂತೆ ಮಣ್ಣು ತುಂಬಿದ ಬುಟ್ಟಿಗೆ ಇಳಿಸುವ ಕೈ ಅವರದು. ಗದ್ದೆಯ ಅಂಚಿನ ಜೇಡಿಮಣ್ಣಿನಲ್ಲಿ ಅವರು ಮಾಡುವ ಕುರಿಗಳನ್ನು ನೋಡಲು ಅಕ್ಕಪಕ್ಕದ, ತೋಟದ ಆಳುಗಳಿರುವ ಲೈನ್ ಮನೆಗಳ ಹೆಂಗಸರು ಹಬ್ಬದ ಸಂಜೆ ಬರುತ್ತಿದ್ದರು. ಅವರ ಮನೆಗಳಲ್ಲಿ ಕ್ರಿಸ್‌ಮಸ್ ಇಲ್ಲ, ಆದರೆ ಅತ್ತೆಯ ಕುರಿ ನೋಡದೆ ಅವರ ಡಿಸೆಂಬರ್ ಮುಗಿಯುತ್ತಿರಲಿಲ್ಲ. ಕುರಿಯ ಕಿವಿ, ಕುರಿಯ ಗೊರಸು, ಕತ್ತು ತಿರುಗಿಸಿ ಮರಿಯನ್ನು ನೋಡುವ ತಾಯಿ ಕುರಿ. ಹಬ್ಬ ಮುಗಿದ ಮೇಲೆ ಅವನ್ನೆಲ್ಲ ಮಕ್ಕಳಿಗೆ ಹಂಚಿಬಿಡುವರು, ಮುಂದಿನ ವರ್ಷ ಮತ್ತೆ ಹೊಸದು. ಒಂದು ಕಿವಿ ಸೊಟ್ಟಗಾದರೆ ಇಡೀ ಕುರಿಯನ್ನೇ ಮುದ್ದೆ ಮಾಡಿ ಮೊದಲಿನಿಂದ ಶುರು ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಅವರ ಹತ್ತಿರ ಸುಳಿಯುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರ ಕೈ ನಡುಗಲು ಶುರುವಾಯಿತು. ಚಿಕ್ಕಮಗಳೂರಿನ ಡಾಕ್ಟರು ಮಾತ್ರೆ ಕೊಟ್ಟರು. ಸ್ವಲ್ಪ ಹತೋಟಿಗೆ ಬರುತ್ತದೆ, ಪೂರಾ ಹೋಗುವುದಿಲ್ಲ ಎಂದರು.  ಅಂದಿನಿಂದ ಅತ್ತೆ ಯಾರ ಎದುರೂ ಕಾಫಿ ಕುಡಿಯುವುದನ್ನು ಬಿಟ್ಟರು. ನೆಂಟರು ಬಂದರೆ "ನಂದು ಆಗ್ಲೇ ಆತು" ಎನ್ನುವರು, ಆಮೇಲೆ ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿ ಕುಡಿಯುವರು. ಚರ್ಚಿಗೆ ಪೂಜೆಗೆ ಹೋದರೆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂರುವರು. ಡಿಸೆಂಬರ್ ಮೊದಲ ವಾರ ನನ್ನನ್ನು ಕರೆದು ಹೇಳಿದರು.

"ಚಿಕ್ಕಮಗಳೂರಿಗೆ ಹೋದಾಗ ಒಂದು ಪ್ಲಾಸ್ಟಿಕ್ ಸೆಟ್ ತಗೊಂಬಾ. ಕುರಿ ಎಲ್ಲ ಅದ್ರಲ್ಲೇ ಬರ್ತಾವೆ."

"ನೀವು ಮಾಡಲ್ವ?"

"ನನ್ನ ಕೈ ಕೆಲಸ ಮುಗೀತು ಮಾರಾಯ್ತಿ. ಇನ್ನು ಆ ಸುದ್ದಿ ಬೇಡ."

ನನಗೆ ಭಯವಾಯಿತು. ಕುರಿಗಳಿಗಾಗಿ ಅಲ್ಲ. ಗೋದಲಿ ಕೈಬಿಟ್ಟವರು ನಾಳೆ ಅಡುಗೆ ಬಿಡುತ್ತಾರೆ, ನಾಡಿದ್ದು ಜಗಲಿಗೆ ಬರುವುದನ್ನೇ ಬಿಡುತ್ತಾರೆ. ಕೈ ನಡುಗಿದರೆ ನಡುಗಲಿ, ಆ ನಡುಕವನ್ನು ಬಚ್ಚಿಡುವುದರಲ್ಲೇ ಈ ಹೆಂಗಸು ಮೂಲೆ ಸೇರಿಬಿಟ್ಟರೆ ಏನು ಮಾಡುವುದು? ನಾನು ಪ್ಲಾಸ್ಟಿಕ್ ತರಲಿಲ್ಲ. ಮರೆತೆ ಎಂದು ಸುಳ್ಳನ್ನೂ ಹೇಳಲಿಲ್ಲ. ತರುವುದಿಲ್ಲ ಎಂದು ನೇರವಾಗಿ ಹೇಳಿ, ಗದ್ದೆಯಿಂದ ಒಂದು ಬುಟ್ಟಿ ಜೇಡಿಮಣ್ಣು ತಂದು, ಒದ್ದೆ ಗೋಣಿ ಹೊದೆಸಿ ಅಡುಗೆಮನೆಯ ಹಿಂದೆ ಇಟ್ಟೆ.

ಮೊದಲ ಕುರಿ ಮಾಡಿದ್ದು ನಾನೇ. ಹೊಲಿಗೆಯಲ್ಲಿ ನನ್ನನ್ನು ಮೀರಿಸುವವರಿಲ್ಲ, ಮಣ್ಣಿನಲ್ಲಿ ಮಾತ್ರ ನಾನು ಸೊನ್ನೆ. ಅದು ನನಗೆ ಬೇಸರದ ವಿಷಯವೇ ಅಲ್ಲ. ಅಂಗೈಯಲ್ಲಿ ತಣ್ಣಗಿನ ಮಣ್ಣು ಉರುಳಿಸುವ ಸುಖಕ್ಕೆ ಕುರಿ ಚೆನ್ನಾಗಿ ಬರಲೇಬೇಕೆಂಬ ಕಟ್ಟಳೆ ಇಲ್ಲವಲ್ಲ. ಮುಗಿಸಿ ಅತ್ತೆಗೆ ತೋರಿಸಿದೆ.

"ಇದೆಂತ, ಹಂದಿಯ?"

"ಕುರಿ."

"ಇದನ್ನ ಇಟ್ರೆ ಬಾಲ ಯೇಸು ಹೆದರಿ ಎದ್ದು ಹೋಗ್ತಾನೆ ನೋಡು."

ನಕ್ಕರು, ಆದರೆ ಮಣ್ಣು ಮುಟ್ಟಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ಕಾರಣ ಬಾಯಿಬಿಟ್ಟರು. ಒಂದು ಕುರಿಗೆ ಈಗ ಅವರಿಗೆ ಎಷ್ಟು ದಿನ ಬೇಕೋ ಗೊತ್ತಿಲ್ಲ. ಇಪ್ಪತ್ನಾಲ್ಕನೇ ತಾರೀಕಿನ ಒಳಗೆ ಆಗದಿದ್ದರೆ ಅರ್ಧಂಬರ್ಧ ಗೋದಲಿ ನೋಡಿ ಬಂದವರು ಏನೆಂದುಕೊಳ್ಳುತ್ತಾರೆ?

ನಮ್ಮಲ್ಲಿ ಒಂದು ಪದ್ಧತಿ ಇದೆ. ಬಾಲ ಯೇಸುವಿಗೆ ಕಾಣಿಕೆ ತರುವ ಮೂವರು ರಾಯರ ಬೊಂಬೆಗಳನ್ನು ಹಬ್ಬದ ದಿನ ಗೋದಲಿಯಲ್ಲಿ ಇಡುವುದಿಲ್ಲ. ಅವರು ದೂರದ ದೇಶದಿಂದ ಬರಬೇಕಲ್ಲ. ಹಾಗಾಗಿ ಜಗಲಿಯ ಆ ತುದಿಯಲ್ಲಿ ಇಟ್ಟು, ದಿನಕ್ಕೆ ಒಂದಿಷ್ಟು ಮುಂದೆ ಸರಿಸುತ್ತಾ, ಜನವರಿಯಲ್ಲಿ ಮೂರು ರಾಯರ ಹಬ್ಬದ ದಿನ ಕೊಟ್ಟಿಗೆ ತಲುಪಿಸುತ್ತೇವೆ. ನಾನು ಅದನ್ನೇ ಹಿಡಿದುಕೊಂಡೆ.

"ಒಂಟೆ ಇರೋ ರಾಯರೇ ಜನವರಿಗೆ ಬರ್ತಾರೆ. ಕುರಿ ನಡ್ಕೊಂಡು ಬರೋದು ಅತ್ತೆ. ಅದಕ್ಕೆಂತ ಅವಸರ?"

ಅತ್ತೆ ನನ್ನ ಮುಖ ನೋಡಿದರು.  ಬೈಬಲ್ಲಿನಲ್ಲಿ ಕುರಿಗಳು ಎಷ್ಟು ಹೊತ್ತಿಗೆ ಬಂದವು ಎಂದು ಬರೆದಿಲ್ಲವೆಂದು ನನಗೆ ಖಾತ್ರಿಯಿತ್ತು.

ಇಪ್ಪತ್ನಾಲ್ಕರ ಸಂಜೆ ನಮ್ಮ ಗೋದಲಿಯಲ್ಲಿ ಹುಲ್ಲಿನ ಮಾಡಿತ್ತು, ಹಳೆಯ ಮರಿಯಮ್ಮ, ಜೋಸೆಫ್, ಬಾಲ ಯೇಸು ಇದ್ದರು. ತೆಂಗಿನ ಕರಟಗಳಲ್ಲಿ ಮರಳು ತುಂಬಿ ಬಿತ್ತಿದ್ದ ರಾಗಿ ಬೆರಳುದ್ದ ಹಸಿರಾಗಿ ನಿಂತಿತ್ತು. ಕುರಿ ಒಂದೂ ಇರಲಿಲ್ಲ, ನಾನು ಮಾಡಿದ್ದನ್ನು ಮತ್ತೆ ಮುದ್ದೆ ಮಾಡಿ ಬುಟ್ಟಿಗೆ ಹಾಕಿದ್ದೆ. ಅಂಕ ಹಾಕಲು ಬಂದ ಹುಡುಗರು ಅತ್ತಿತ್ತ ನೋಡಿ, "ಆಂಟಿ, ಕುರಿಗಳೆಲ್ಲಿ?" ಎಂದು ಕೇಳಿದರು. "ಬರ್ತಾ ಇದಾವೆ, ಚಾರ್ಮಾಡಿ ಘಾಟಿಯಲ್ಲಿ ಟ್ರಾಫಿಕ್ಕು" ಎಂದೆ. ಅವರು ಕುಕ್ಕೀಸ್ ತಿಂದು ನಗುತ್ತಾ ಹೋದರು. ಎಷ್ಟು ಅಂಕ ಬಂತೆಂದು ನಾನು ವಿಚಾರಿಸಲೂ ಇಲ್ಲ. ಆ ಸಂಜೆ ನಾನು ಮೊದಲ ಸಲ ಕುರ್ಚಿಯಲ್ಲಿ ಕುಳಿತು ನಮ್ಮ ಗೋದಲಿಯನ್ನು ಸಮಾಧಾನವಾಗಿ ನೋಡಿದೆ. ತುಂಬ ಖುಷಿಯಾಯಿತು. ಅತ್ತೆ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ. ಕುರಿ ನೋಡಲು ಬಂದ ಲೈನ್ ಮನೆಯ ಹೆಂಗಸರಿಗೆ ತಲೆನೋವೆಂದು ಹೇಳಿಸಿದರು.

ಹಬ್ಬ ಕಳೆದ ಮೇಲೆ, ಯಾರೂ ಕಾಯದಿರುವಾಗ, ಗೋಣಿ ಸರಿಸಿದ ಗುರುತು ಕಂಡಿತು. ಅಡುಗೆಮನೆಯ ಹಿಂದೆ ಕುಳಿತು ಅವರು ಮಾಡುವರು, ಮುರಿಯುವರು. ನಾನು ನೋಡಿಯೂ ನೋಡದವಳಂತೆ ಪಾತ್ರೆ ತೊಳೆಯುವೆ. ಮೂರು ರಾಯರು ಕೊಟ್ಟಿಗೆ ತಲುಪುವ ಹೊತ್ತಿಗೆ ಒಂದು ಕುರಿ ಉಳಿಯಿತು. ಗೊರಸಿಲ್ಲ, ಕತ್ತು ದಪ್ಪ. ಆದರೆ ನಡುಗುವ ಬೆರಳು ಮೈತುಂಬ ಒತ್ತಿ ಒತ್ತಿ ಬಿಟ್ಟಿದ್ದ ಸಣ್ಣ ಗುಳಿಗಳು ಥೇಟ್ ಉಣ್ಣೆಯಂತೆ ಕಾಣುತ್ತಿದ್ದವು. ಚೆನ್ನಾಗಿದೆ ಎಂದರೆ ಕನಿಕರ ಎಂದುಕೊಳ್ಳುತ್ತಾರೆ ಎಂದು ಸುಮ್ಮನೆ ತೆಗೆದುಕೊಂಡು ಹೋಗಿ ರಾಗಿಯ ಹಸಿರಿನ ಮುಂದೆ ಇಟ್ಟೆ.

ರಾಯರ ಹಬ್ಬ ಮುಗಿದ ಮೇಲೆ ಗೋದಲಿ ಬಿಚ್ಚುವುದು ವಾಡಿಕೆ. ಒಂದೇ ಕುರಿ ಬಂದಿದೆ, ಮಂದೆ ಹಿಂದಿದೆ ಎಂದು ನಾನು ಬಿಚ್ಚಲಿಲ್ಲ. ರಾಗಿ ಒಣಗಿತು. ಕರಟಗಳಿಗೆ ನೀರು ಹನಿಸುವುದನ್ನು ಅತ್ತೆ ಅಭ್ಯಾಸಬಲದಿಂದ ನಿಲ್ಲಿಸಲಿಲ್ಲ. ಜನವರಿಯ ಕೊನೆಗೆ ಒಂದು ಬೆಳಗ್ಗೆ ಒಳಗಿದ್ದ ನನ್ನ ಗಂಡನನ್ನು ಕೂಗಿ ಕರೆದರು. ಮರಳಿನಿಂದ ಸಣ್ಣ ಸಣ್ಣ ಕಡ್ಡಿಗಳು ಎದ್ದು, ಪ್ರತಿಯೊಂದರ ತಲೆಯ ಮೇಲೆ ಒಂದೊಂದು ಕಾಫಿ ಬೀಜ ಕುಳಿತಿತ್ತು. ಕಾಫಿ ಮೊಳೆತು ಬೀಜವನ್ನೇ ಹೊತ್ತು ನಿಲ್ಲುವ ಆ ಹಂತಕ್ಕೆ ನರ್ಸರಿಯಲ್ಲಿ ಟೋಪಿ ಅನ್ನುತ್ತಾರೆ. ನನ್ನ ಗಂಡ ಈಗ ಅದೇ ನರ್ಸರಿಯ ಮೇಸ್ತ್ರಿ. ಗೋದಲಿಗೆ ಬೇಗ ಬೇಗ ಮರಳು ತರಲು ಹೋಗಿ, ಕಾಫಿ ಬೀಜ ಬಿತ್ತಿದ ಸಾಲು ಸರಿಯಿಲ್ಲವೆಂದು ತಾವೇ ಕೆದರಿಸಿ ಗುಡ್ಡೆ ಹಾಕಿಸಿದ್ದ ಮರಳನ್ನೇ ತುಂಬಿಕೊಂಡು ಬಂದಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಾನು ಎರಡು ದಿನ ಅವರನ್ನು ಆಡಿಕೊಂಡೆ.

"ಮೇಸ್ತ್ರಿಯಂತೆ ಮೇಸ್ತ್ರಿ," ಎಂದರು ಅತ್ತೆ. "ಈಗ ಅಲ್ಲಾಡಿಸ್ಬೇಡ. ಬೇರು ಎಳೇದು. ಎಲೆ ಬಿಡೋ ತನಕ ಹಂಗೇ ಇರ್ಲಿ."

ಹೀಗೆ ನಮ್ಮ ಗೋದಲಿ ಫೆಬ್ರವರಿಗೂ ಬಿಚ್ಚದೆ ಉಳಿಯಿತು. ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಹತ್ತಿರ ಬಂತು, ಇನ್ನೂ ನಿಮ್ಮನೇಲಿ ಕ್ರಿಸ್‌ಮಸ್ಸ ಎಂದು ಚರ್ಚಿನಲ್ಲಿ ಕೇಳಿದವರಿಗೆ, ಹೌದು, ನಮ್ಮನೇಲಿ ನಿಧಾನ ಎಂದೆ. ಟೋಪಿ ಕಾಡಿನ ನೆರಳಲ್ಲಿ ಎರಡನೇ ಕುರಿ ಬಂತು, ಆಮೇಲೆ ಮೂರನೆಯದು. ಅತ್ತೆ ಈಗ ಕಡಿಮೆ ಮುರಿಯುತ್ತಿದ್ದರು. ಆದರೂ ಕೂರುವುದು ಹಿಂದುಗಡೆಯೇ, ಯಾರಿಗೂ ಕಾಣದ ಕಡೆ. ಅದೊಂದು ನನ್ನ ಕೈಯಲ್ಲಿರಲಿಲ್ಲ, ನಾನು ಒತ್ತಾಯಿಸಲೂ ಇಲ್ಲ.

ರೊಬಸ್ಟಾ ಕುಯಿಲು ಮುಗಿಯುತ್ತಾ ಬಂದಿದ್ದ ಒಂದು ಸಂಜೆ ನಾನು ಹೊಲಿಗೆ ಅಂಗಡಿಯಿಂದ ಬೇಗ ಬಂದೆ. ಅಡುಗೆಮನೆಯ ಹಿಂದೆ ಮಣ್ಣಿನ ಬುಟ್ಟಿ ಇರಲಿಲ್ಲ. ಎಸೆದುಬಿಟ್ಟರೇನೋ ಎಂದುಕೊಂಡೆ. ಹುಡುಕುತ್ತಾ ಮುಂದೆ ಬಂದರೆ ಅತ್ತೆ ರಸ್ತೆಗೆ ಮುಖ ಮಾಡಿ ಜಗಲಿಯ ಮೇಲೆ ಕಾಲು ನೀಡಿ ಕುಳಿತಿದ್ದರು. ಬುಟ್ಟಿ ಪಕ್ಕದಲ್ಲಿತ್ತು, ಮಡಿಲಲ್ಲಿ ಒಂದು ಅರೆಬರೆ ಕುರಿ. ಕೆಲಸ ಬಿಟ್ಟು ಬರುತ್ತಿದ್ದ ಲೈನ್ ಮನೆಯ ಹೆಂಗಸರು ಅಂಗಳದಲ್ಲೇ ನಿಂತರು. ಅವರಲ್ಲಿ ಹಿರಿಯವಳು ಬಗ್ಗಿ ನೋಡಿ ಕೇಳಿದಳು.

"ಎಂತ ಅಮ್ಮ ಇದು, ಹಬ್ಬ ಹೋಗಿ ಎರಡು ತಿಂಗ್ಳಾತು?"

ಅತ್ತೆ ಆ ಕುರಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಕುರಿ ಗಡಗಡ ಅಲ್ಲಾಡುತ್ತಿತ್ತು. ಕೆಳಗಿಳಿಸಲಿಲ್ಲ.

"ಕೈ ನಡುಗ್ತದೆ ನಂಗೆ," ಎಂದರು. "ಅದ್ಕೆ ಮುಂದಿನ ಹಬ್ಬದ್ದು ಈಗ್ಲೇ ಹಿಡ್ಕೊಂಡಿದೀನಿ."