ಬಚ್ಚಲೊಲೆಯಲ್ಲಿ ಬೆಂದ ಮೊಟ್ಟೆ

ನನ್ನ ಕೈಯಡುಗೆ ಬೇಡ ಎಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಜಂಬ ಅಂದರೆ ಅನ್ನಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನಲ್ಲಿ ಮದುವೆ, ಮುಂಜಿ ಅಂದರೆ ಅಡುಗೆಗೆ ಮೊದಲು ಫೋನು ಬರುವುದು ನನಗೇ. ಅಂಥವನು ಇಟ್ಟ ಅನ್ನಕ್ಕೆ ಒಂದು ಬೆಕ್ಕು ಮುಖ ತಿರುಗಿಸಿ ಕೂತಿತು ನೋಡಿ, ಮೈಯೆಲ್ಲ ಉರಿದುಹೋಯಿತು.

ನಮ್ಮದೇ ಬೆಕ್ಕು ಅದು. ಕಪ್ಪುಬಿಳಿ ಬಣ್ಣದ ಹೆಣ್ಣುಬೆಕ್ಕು. ಕೊಪ್ಪ ಪೇಟೆಯ ನಮ್ಮ ಬಾಡಿಗೆ ಮನೆಗೆ ಮರಿಯಾಗಿದ್ದಾಗಲೇ ಬಂದು ಸೇರಿಕೊಂಡಿತ್ತು. ಲಗ್ನದ ಕಾಲದಲ್ಲಿ ನಾನು ಮನೆಯಲ್ಲಿರುವವನಲ್ಲ. ಹೆಂಡತಿಗೆ ಹಗಲೆಲ್ಲ ಅದರ ಜೊತೆಗೇ ಮಾತು. ಆ ವೈಶಾಖದಲ್ಲಿ ಅದು ಎಲ್ಲಿಗೋ ಹೋಗಿ, ಬಹಳ ದಿನ ಪತ್ತೆಯಿಲ್ಲದೆ, ಒಂದು ಬೆಳಿಗ್ಗೆ ಕಾಲೆಳೆಯುತ್ತಾ ವಾಪಸು ಬಂತು. ಪಕ್ಕೆಲುಬು ಎದ್ದು ಕಾಣುತ್ತಿತ್ತು. ಕಣ್ಣಲ್ಲಿ ಪಿಸುರು, ಬಾಯಲ್ಲಿ ಜೊಲ್ಲು. ನರಸಿಂಹರಾಜಪುರದ ಮದುವೆ ಮುಗಿಸಿ ನಾನು ಬಂದಾಗ ಹೆಂಡತಿ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಇದೊಂದು ಉಳಿದ್ರೆ ಸಾಕು ಮಾರಾಯ್ರೆ. ನಂಗೆ ಬೇರೆ ಎಂತದೂ ಬೇಡ" ಅಂದಳು. ಮದುವೆಯಾದಾಗಿನಿಂದ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ ಅವಳು.

ಅದಕ್ಕೇನಂತೆ, ನಾನಿದ್ದೇನಲ್ಲ! ಸೊರಗಿದವರನ್ನು ಕಂಡರೆ ನಮ್ಮ ಕಡೆ ಮೊದಲು ಹುಡುಕುವುದು ತುಪ್ಪದ ಡಬ್ಬಿಯನ್ನು. ಅನ್ನವನ್ನು ಮೆತ್ತಗೆ ಬೇಯಿಸಿ, ಕೆನೆಹಾಲು ಹಾಕಿ ಕಿವುಚಿ, ಮೇಲೆ ತುಪ್ಪ ಬಿಟ್ಟು ಇಟ್ಟೆ. ಮೂಸಿ ಮುಖ ತಿರುಗಿಸಿತು. ಹೆಸರುಬೇಳೆ ಪಾಯಸ ಮಾಡಿದೆ. ಅದನ್ನು ಮೂಸಲೂ ಇಲ್ಲ. ನನಗೆ ಹಟ ಬಂತು. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಅಂದವರ ಬೆರಳಸಂದಿಯಲ್ಲೇ ಹೋಳಿಗೆ ಇಳಿಸಿದವನು ನಾನು. ಒತ್ತಾಯ ಮಾಡದಿದ್ದರೆ ಅದು ಉಪಚಾರವೇ ಅಲ್ಲ. ಬೆಕ್ಕನ್ನು ಮಂಡಿಗಳ ನಡುವೆ ಹಿಡಿದು, ಬಾಯಿ ಅಗಲಿಸಿ, ಬೆರಳಲ್ಲಿ ಹಾಲನ್ನ ತುರುಕಿದೆ. ಒಂದಿಷ್ಟು ನುಂಗಿತು, ಕೆಮ್ಮಿತು. ಆಮೇಲೆ ಭೇದಿ ಹಿಡಿಯಿತು. ಸಂಜೆಯ ಹೊತ್ತಿಗೆ ಅದಕ್ಕೆ ಕುತ್ತಿಗೆ ಎತ್ತುವ ತ್ರಾಣವೂ ಉಳಿದಿರಲಿಲ್ಲ.

"ಸಾಯಿಸ್ತೀರಾ ಅದನ್ನ? ಅದೆಂತ ಮದುವೆಗೆ ಬಂದ ನೆಂಟ್ರಾ, ತುರುಕಲಿಕ್ಕೆ?" ಎಂದು ಹೆಂಡತಿ ಅಳುತ್ತಲೇ ಬೈದಳು.

ಮರುದಿನ ತರಕಾರಿ ಬುಟ್ಟಿಯಲ್ಲಿ ಅದನ್ನು ಮಲಗಿಸಿಕೊಂಡು ಸ್ಕೂಟರಿನಲ್ಲಿ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಾಯಿ ಬಿಡಿಸಿ ಒಳಗಿನ ಹುಣ್ಣು ತೋರಿಸಿದರು. ಚರ್ಮದಡಿಗೆ ಗ್ಲೂಕೋಸಿನ ನೀರು ಬಿಟ್ಟು, ಇಂಜೆಕ್ಷನ್ ಕೊಟ್ಟು, ಇಷ್ಟು ದಿನ ಏನು ಹಾಕುತ್ತಿದ್ದಿರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ.

"ಭಟ್ರೇ, ಹಾಲು ತುಪ್ಪ ಎಲ್ಲ ಇವತ್ತೇ ನಿಲ್ಸಿ. ಬೆಕ್ಕು ಮಾಂಸ ತಿನ್ನೋ ಪ್ರಾಣಿ. ಬೇಯ್ಸಿದ ಮೊಟ್ಟೆ ಕೊಡಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಕೋಳಿ. ಉಪ್ಪು ಬೇಡ. ಉಗುರುಬೆಚ್ಚಗೆ ಇರ್ಲಿ, ಚೂರುಚೂರೇ, ಆಗಾಗ. ಮತ್ತೆ ಬಾಯಿಗೆ ತುರುಕಬೇಡಿ, ಶ್ವಾಸಕ್ಕೆ ಹೋದ್ರೆ ಕಷ್ಟ."

ಮೊಟ್ಟೆ! ನಮ್ಮ ಮನೆಯಲ್ಲಿ! ಸುದ್ದಿ ಹೊರಗೆ ಬಿದ್ದರೆ ನನ್ನ ಹೊಟ್ಟೆಪಾಡಿಗೇ ಕಲ್ಲು. ಮೊಟ್ಟೆ ಮುಟ್ಟಿದ ಭಟ್ಟರ ಕೈಯಲ್ಲಿ ಯಾರು ಮುಂಜಿ ಅಡುಗೆ ಮಾಡಿಸುತ್ತಾರೆ? ಮನೆ ಬಾಗಿಲು ತೆಗೆಯುತ್ತಾ ಹೆಂಡತಿಯೇ ಮೆಲ್ಲಗೆ ಅಂದಳು: "ಅಡುಗೆಮನೆ ಒಳಗೆ ಬೇಡ. ಬಚ್ಚಲೊಲೆ ಉಂಟಲ್ಲ."

ಪಕ್ಕದ ಮನೆಯವರು ಬಟ್ಟೆ ಅಂಗಡಿಯ ಸಾಹೇಬರು. ಚೀಲದಲ್ಲಿ ಅಡಗಿಸಿ ತಂದ ಮೊಟ್ಟೆ ಎಷ್ಟು ಹೊತ್ತು ಬೇಯಬೇಕು ಎಂದು ಅವರ ಹೆಂಡತಿಯನ್ನು ಬೇಲಿಯಾಚೆಯಿಂದ ಪಿಸುಮಾತಿನಲ್ಲಿ ಕೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. "ಊರಿಗೆಲ್ಲ ಅಡುಗೆ ಮಾಡೋರು ಮೊಟ್ಟೆ ಬೇಯ್ಸಕ್ಕೆ ನನ್ನ ಕೇಳ್ತೀರಾ ಅಣ್ಣಾ? ಕೊಡಿ ಇಲ್ಲಿ, ನಾನೇ ಬೇಯ್ಸಿ ಕೊಡ್ತೀನಿ."

"ಬೇಡ ತಂಗೀ. ನಮ್ಮ ಬೆಕ್ಕಿಗೆ ನಾನೇ ಮಾಡಿ ಹಾಕ್ಬೇಕು" ಅಂದೆ. ಹಟವೇ ಅದು, ಇಲ್ಲ ಅನ್ನುವುದಿಲ್ಲ.

ಮೊದಲನೆಯದು ಒಡೆದು ನೀರೆಲ್ಲ ಬೆಳ್ಳಗಾಯಿತು. ಎರಡನೆಯದರ ಸಿಪ್ಪೆ ಸುಲಿಯುವಾಗ ಆ ವಾಸನೆಗೆ ಮುಖ ಆಚೆ ತಿರುಗಿಸಿಕೊಂಡೆ. ಮೂಗು ಬಿಗಿಹಿಡಿದು ಹಳದಿಯನ್ನು ಬಿಸಿನೀರಲ್ಲಿ ಕಿವುಚಿ, ಬೆರಳ ತುದಿಗೆ ಹಚ್ಚಿಕೊಂಡು, ಬೆಕ್ಕಿನ ಮೂಗಿನ ಮುಂದೆ ಹಿಡಿದೆ. ತುರುಕಲಿಕ್ಕೆ ಕೈ ಕಡಿಯುತ್ತಿತ್ತು ಮಾರಾಯರೆ! ಆದರೂ ತಡೆದುಕೊಂಡೆ. ಬಹಳ ಹೊತ್ತಿನ ಮೇಲೆ ಅದು ಕಣ್ಣು ಬಿಟ್ಟು, ನಾಲಗೆ ಚಾಚಿ, ಒಮ್ಮೆ ನೆಕ್ಕಿತು. ಆಮೇಲೆ ಇನ್ನೊಮ್ಮೆ. ಆ ದೊರಗು ನಾಲಗೆ ತಗಲಿದ್ದೇ ನನ್ನ ಕಣ್ಣಲ್ಲಿ ನೀರು ಬಂತು.

ಅಂದಿನಿಂದ ನಮಗೆ ಅದೇ ಕೆಲಸ. ನಾನು ಮೊಟ್ಟೆ ಮುಟ್ಟಿದಾಗಲೆಲ್ಲ ಸ್ನಾನ ಮಾಡಿಯೇ ಒಳಗೆ ಹೋಗುತ್ತಿದ್ದೆ. "ಮೊಟ್ಟೆಗಿಂತ ನೀವೇ ಜಾಸ್ತಿ ಹೊತ್ತು ನೀರಲ್ಲಿರ್ತೀರಿ" ಎಂದು ಹೆಂಡತಿ ಬಹಳ ದಿನದ ಮೇಲೆ ನಕ್ಕಳು. ನನಗೆ ಹೊರಗೆ ಕೆಲಸವಿದ್ದ ದಿನ ಅವಳೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇಯಿಸಿದಳು. ಮೆಣಸೆ ಊರಿನ ಮದುವೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವುದನ್ನೂ ಬಿಟ್ಟು ಫೋನು ಮಾಡಿ "ತಿಂತಾ?" ಎಂದು ಕೇಳಿದೆ. "ಬಟ್ಟಲೇ ಖಾಲಿ!" ಅಂದಳು. ಅವತ್ತಿನ ಸಾರನ್ನು ಜನ ಕೈಚಾಚಿ ಕೇಳಿ ಬಡಿಸಿಕೊಂಡರು. ಬಾಯಿಹುಣ್ಣು ಮಾಯ್ದು, ಹುಳದ ಔಷಧಿಯಾಗಿ, ಬೆಕ್ಕಿನ ಬೆನ್ನಮೇಲೆ ಕೈ ಆಡಿಸಿದರೆ ಮೂಳೆಗಿಂತ ಮೊದಲು ಮಾಂಸ ಸಿಗತೊಡಗಿತು.

ಹೀಗಿರುವಾಗ ಬೇಗಾರು ಊರಿನ ಯಜಮಾನರೊಬ್ಬರು ಮೊಮ್ಮಗನ ಮುಂಜಿ ಅಡುಗೆ ಮಾತಾಡಲು ಮನೆಗೇ ಬಂದರು. ಮಡಿ ಅಂದರೆ ಮಡಿ ಅವರದು. ಜಗಲಿಯಲ್ಲಿ ಕೂತು ಪಲ್ಯ, ಕೋಸಂಬರಿ ಎಂದು ಮಾತು ಸಾಗಿತ್ತು. ಬಚ್ಚಲಿನಿಂದ ಆ ವಾಸನೆ ಮೆಲ್ಲಗೆ ತೇಲಿ ಬಂತು. ಅವರ ಮೂಗು ಅರಳಿತು. ಅಷ್ಟರಲ್ಲಿ ಬೆಕ್ಕು ಬಾಲ ನೆಟ್ಟಗೆ ಎತ್ತಿಕೊಂಡು ನೇರ ನನ್ನ ಮುಂದೆ ಬಂದು ನಿಂತು, ಬೀದಿಗೆ ಕೇಳುವಂತೆ ಕೂಗಿತು. ಕಾಯಿಲೆ ಬಿದ್ದ ಮೇಲೆ ಅದು ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು! ಮುಂಜಿ ಹೋದರೆ ಹೋಗಲಿ ಅನ್ನಿಸಿಬಿಟ್ಟಿತು.

"ಮೊಟ್ಟೆ ಬೇಯ್ತಾ ಉಂಟು. ಬೆಕ್ಕಿಗೆ. ನಾನೇ ಇಟ್ಟದ್ದು" ಅಂದೆ. "ನಿಮ್ಮ ಮನಸ್ಸಿಗೆ ಬರದಿದ್ರೆ ಬೇರೆ ಭಟ್ರನ್ನ ನೋಡಿಕೊಳ್ಳಿ. ನಂಗೆ ಈಗ ಪುರಸೊತ್ತಿಲ್ಲ."

ಎದ್ದು ಬಚ್ಚಲಿಗೆ ನಡೆದೆ. ಬೆಕ್ಕು ಕಾಲಿಗೆ ಸುತ್ತಿಕೊಳ್ಳುತ್ತಾ ಮುಂದೆ ಮುಂದೆ ಓಡಿತು. ಬಿಸಿ ಮೊಟ್ಟೆಯನ್ನು ತಣ್ಣೀರಿಗೆ ಹಾಕುವಾಗ ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾಯಿತು. ಯಜಮಾನರು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಬೆಕ್ಕು ಗಬಗಬ ತಿನ್ನುವುದನ್ನು ಬಗ್ಗಿ ನೋಡಿದರು, ಒಮ್ಮೆ ಜಗಲಿಯ ಕಡೆ ತಿರುಗಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ಎಷ್ಟು ಹೊತ್ತು ಬೇಯ್ಸಬೇಕು ಭಟ್ರೇ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. "ನಮ್ಮನೆ ಬೆಕ್ಕೂ ಎಷ್ಟು ತುಪ್ಪ ಹಾಕಿದ್ರೂ ಒಣಗ್ತಾನೇ ಉಂಟು."